ಅಕ್ಕಿಯಲ್ಲಿ ಬರೆದ ಹೆಸರು

ಬೆಳಗ್ಗೆ ದಾಂಡೇಲಿಯಲ್ಲಿ ಅಕ್ಕಿಕಾಳು ಬಿದ್ದು ಮದುವೆ ಮುಗಿಯಿತು. ಸಂಜೆಗೆ ಮದುಮಗಳು ಸಹನಾ ಹಳಿಯಾಳದ ಗಂಡನ ಮನೆಯ ಹೊಸ್ತಿಲು ದಾಟಿದಳು. ನಡುಮನೆಯಲ್ಲಿ ತಾಟಿನ ತುಂಬ ಅಕ್ಕಿ ಹರವಿಟ್ಟಿದ್ದರು. ಮದುಮಗ ಪುಂಡಲೀಕ ಅದರಲ್ಲಿ ಉಂಗುರದಿಂದ ಹೊಸ ಹೆಸರೊಂದನ್ನು ಬರೆದರೆ ಮುಗಿಯಿತು, ಸೊಸೆಯ ಹಳೆಯ ಹೆಸರು ತವರಿನಲ್ಲೇ ಉಳಿದಂತೆ. ಅತ್ತೆ ದುರ್ಗವ್ವ ಹೆಸರನ್ನೂ ಆರಿಸಿಟ್ಟಿದ್ದರು: ಪೂರ್ಣಿಮಾ.

ಹೆಸರೇನೋ ಚೆಂದವೇ. ಆದರೆ ಅದು ಅವಳದಲ್ಲವಲ್ಲ! ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸಹನಾ ಟೀಚರ್. ಮಕ್ಕಳು ಓಣಿಯ ಆ ತುದಿಯಿಂದ ಕೂಗಿ ಕರೆಯುವ ಹೆಸರು ಒಂದು ತಾಟಿನಲ್ಲಿ ಅಳಿಸಿಹೋಗಬೇಕೇ? ಈ ಮಾತನ್ನು ಮೊದಲೇ ಪುಂಡಲೀಕನ ಕಿವಿಗೂ ಹಾಕಿದ್ದಳು. "ನೋಡೂಣು" ಎಂದಿದ್ದ ಆ ಪುಣ್ಯಾತ್ಮ. ತಾಯಿಯ ಮುಂದೆ ಅವನ ಬಾಯಿಗೆ ಬೀಗ ಬೀಳುತ್ತದೆಂದು ಓಣಿಗೆಲ್ಲ ಗೊತ್ತು.

"ಅತ್ತಿ, ನನ್ನ ಹೆಸರ ಇರಲ್ರಿ," ಎಂದಳು ಸಹನಾ.

"ನಾನೂ ತವರಾಗ ಶಿವವ್ವ ಇದ್ದೆ. ಇಲ್ಲಿಗೆ ಬಂದು ದುರ್ಗವ್ವ ಆದೆ. ಏನ ಕಡಿಮಿ ಆತು? ಉಪ್ಪು ನೀರಾಗ ಕರಗಿದಂಗ ಸೊಸಿ ಮನ್ಯಾಗ ಕರಗಬೇಕವಾ."

ಉಪ್ಪು! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಟೀಚರ್ ಬಾಯಿ ಸುಮ್ಮನಿದ್ದೀತೇ?

"ಉಪ್ಪಿಗೆ ನಮ್ಮ ಪಾಠದಾಗ ಏನಂತಾರ ಗೊತ್ತೇನ್ರಿ ಅತ್ತಿ? ಸೋಡಿಯಂ ಕ್ಲೋರೈಡ್. ಅದೂ ಒಂದು ಮದುವಿನ. ಸೋಡಿಯಂ ತನ್ನ ಹತ್ರ ಇದ್ದ ಒಂದು ಎಲೆಕ್ಟ್ರಾನ್ ಕೊಡತೈತಿ, ಕ್ಲೋರಿನ್ ತಗೋತೈತಿ."

"ಆಮ್ಯಾಲೆ?" ಮೂಲೆಯಲ್ಲಿ ಕುಳಿತಿದ್ದ ಮಾವ ಜ್ಯೋತಿಬಾ ಕಿವಿ ನಿಮಿರಿಸಿದರು.

"ಕೊಟ್ಟವರ ಹೆಸರು ಮೊದಲ ಬರತೈತಿ, ಇದ್ದಂಗ ಇರತೈತಿ. ತಗೊಂಡವರ ಹೆಸರಿನ ಬಾಲ ಬದಲಾಗತೈತಿ. ಕ್ಲೋರಿನ್ ಹೋಗಿ ಕ್ಲೋರೈಡ್, ಆಕ್ಸಿಜನ್ ಹೋಗಿ ಆಕ್ಸೈಡ್. ಈಗ ನೀವ ಹೇಳ್ರಿ, ಹೆಣ್ಣು ಕೊಟ್ಟವರು ಯಾರು, ತಗೊಂಡವರು ಯಾರು?"

ದುರ್ಗವ್ವ ತಾಟನ್ನು ಮಗನತ್ತ ಸರಿಸಿದರು. ಬಂದ ಗಳಿಗೆಯಲ್ಲೇ ಮಾತು ಹೆಚ್ಚಾಯಿತೇನೋ ಎಂದು ಸಹನಾ ಅಳುಕಿದಳು.

ಆಗ ಪುಂಡಲೀಕ ಅಕ್ಕಿಯ ಮೇಲೆ ಬಾಗಿದ. ಒಂದೊಂದೇ ಅಕ್ಷರ ತಿದ್ದಿ 'ಸಹನಾ' ಎಂದು ಬರೆದ. ಅವಳಿಗೆ ಹೋದ ಜೀವ ಬಂದಂತಾಯಿತು. ಆದರೆ ಉಂಗುರ ಅಲ್ಲಿಗೇ ನಿಲ್ಲಲಿಲ್ಲ. ಪಕ್ಕದಲ್ಲಿ ತನ್ನ ಹೆಸರನ್ನೂ ಬರೆದ, ಬಾಲ ಕತ್ತರಿಸಿ: 'ಪುಂಡಲೈಡ್'.

ಮಾವ ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿ ಇಣುಕುತ್ತಿದ್ದ ನೆರೆಯ ಹೆಂಗಸರೂ ನಕ್ಕರು. ಬೀಗ ಬಿದ್ದ ಬಾಯಿಯವನ ಕೈ ಇಷ್ಟು ಚೆನ್ನಾಗಿ ಮಾತಾಡೀತೆಂದು ಯಾರಿಗೆ ಗೊತ್ತಿತ್ತು! ಗೆದ್ದ ಸಂತೋಷಕ್ಕೆ ಸಹನಾಳ ಕಣ್ಣು ತುಂಬಿ ಬಂತು.

ದುರ್ಗವ್ವ ಮಾತ್ರ ನಗಲಿಲ್ಲ. ಮಗನ ಕೈಯಿಂದ ಉಂಗುರ ಕಸಿದು ಸೊಸೆಯ ಕೈಗಿಟ್ಟರು.

"ಕೆಳಗ ಇನ್ನೂ ಜಾಗಾ ಐತಿ ನೋಡು. ಬರಿ: ಶಿವವ್ವ ಜ್ಯೋತಿಬೈಡ್."