ಹಕ್ಕಿಗೋಡೆಗೆ ಸುಣ್ಣ ಬೇಡ

ಎಳೆಬಿಸಿಲು ಕುಂಬಾರರ ಬೀದಿಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಸೊಸೆ ಬಕೆಟ್ಟಿನಲ್ಲಿ ಸುಣ್ಣ ಕದಡಿ, ಜಗಲಿಯ ಗೋಡೆಗೆ ಬಳಿಯಲು ಕುಂಚ ಎತ್ತಿದ್ದಳಷ್ಟೇ.

"ಅಯ್ಯೋ, ನಿಲ್ಲಿಸೇ!" ಎದುರುಮನೆಯ ಟೈಲರಕ್ಕ ಕೊರಳಲ್ಲಿ ಅಳತೆಪಟ್ಟಿ ನೇತಾಡಿಸಿಕೊಂಡೇ ಓಡಿಬಂದಳು.

"ನಾಳೆ ಬೀದಿ ನೋಡೋಕೆ ಹೊರಗಿನೋರು ಬರ್ತಾರಂತಲ್ಲಕ್ಕ. ಈ ಮಸಿಗೋಡೆ ತೋರಿಸೋದಾ? ಮಾನ ಹೋಗುತ್ತೆ," ಎಂದಳು ಸೊಸೆ.

ಗೋಡೆಯ ತುಂಬ ಕೆಮ್ಮಣ್ಣಿನ ಹಕ್ಕಿಗಳಿದ್ದವು. ಆವಿಗೆಯಲ್ಲಿ ಸುಟ್ಟ ಮಡಕೆ ಒಂದೂ ಬಿರುಕು ಬಿಡದ ದಿನ, ಅತ್ತೆ ಬೆರಳದ್ದಿ ಒಂದು ಹಕ್ಕಿ ಬರೆಯುತ್ತಿದ್ದರು. ಅವರ ಅತ್ತೆಯೂ ಹಾಗೇ. ಈಚೆಗೆ ವಯಸ್ಸಾಗಿ ಅತ್ತೆ ಬರೆಯುವುದನ್ನೇ ಬಿಟ್ಟಿದ್ದರು. ಹೊಗೆ ಕೂತು ಎಲ್ಲ ಮಬ್ಬಾಗಿದ್ದರೂ, ಬಿಸಿಲು ಓರೆಯಾಗಿ ಬಿದ್ದಾಗ ಹಕ್ಕಿಗಳು ಕನಸಿನಲ್ಲೆಂಬಂತೆ ಒಂದೊಂದಾಗಿ ರೆಕ್ಕೆ ಬಿಚ್ಚುತ್ತಿದ್ದವು. ಸೊಸೆಯ ಪುಟ್ಟ ಮಗಳು ಕಂಬ ತಬ್ಬಿ ಅವನ್ನೇ ನೋಡುತ್ತಿದ್ದಳು. ಏನೋ ಕೇಳಲು ಬಾಯಿ ತೆರೆದು, ಸುಮ್ಮನಾದಳು.

"ಅವರು ಬರೋದೇ ಇದನ್ನ ನೋಡೋಕೆ ಕಣೇ," ಎಂದಳು ಟೈಲರಕ್ಕ. "ಬಿಳಿಗೋಡೆ ಅವರೂರಲ್ಲಿ ಇಲ್ವಾ?"

ಒಳಗಿನಿಂದ ಅತ್ತೆ ನಕ್ಕರು. "ನನ್ನ ಹಕ್ಕಿ ನೋಡಿದ್ರೆ ಯಾರ ಹೊಟ್ಟೆ ತುಂಬುತ್ತಮ್ಮ?"

"ನಮ್ಮದೇ ತುಂಬುತ್ತೆ ದೊಡ್ಡಮ್ಮ. ಬಂದೋರು ಮಡಕೆ ಕೊಳ್ತಾರೆ, ಊಟ ಮಾಡ್ತಾರೆ, ಒಂದು ರಾತ್ರಿ ಉಳೀತಾರೆ. ಬೀದಿ ತೋರಿಸೋಕೆ ನಮ್ಮ ಹುಡುಗೀರೇ ತಯಾರಾಗಿದ್ದಾರೆ. ಬಂದದ್ರಲ್ಲಿ ಒಂದು ಪಾಲು ಚರಂಡಿಗೆ, ಬೀದಿ ದೀಪಕ್ಕೆ."

"ಸಂತೆ ಥರ ಮನೆಯೊಳಗೇ ನುಗ್ಗಿದ್ರೆ?" ಸೊಸೆ ಕೇಳಿದಳು.

"ಯಾವ ಬಾಗಿಲು, ಎಷ್ಟು ಹೊತ್ತು ಅಂತ ನಾವೇ ಕೂತು ತೀರ್ಮಾನ ಮಾಡೋದು. ಜಗಲಿ ದಾಟಬೇಡಿ ಅಂದ್ರೆ ಮುಗೀತು. ಆದ್ರೆ ಒಂದ್ಸಲ ಸುಣ್ಣ ಬಿತ್ತು ಅಂದ್ರೆ, ಈ ಹಕ್ಕಿಗಳು ವಾಪಸ್ ಬರಲ್ಲ."

ಅತ್ತೆ ಹೊರಬಂದರು. ಮೂಲೆಯ ತೀರಾ ಮಸುಕಾದ ಹಕ್ಕಿಯೊಂದನ್ನು ಮೆಲ್ಲಗೆ ಸವರಿದರು. "ಇದು ನಮ್ಮತ್ತೆ ಬರೆದಿದ್ದು. ನಾನು ಮದುವೆಯಾಗಿ ಬಂದ ವರ್ಷ." ಆಮೇಲೆ ಸೊಸೆಯ ಕೈಯಿಂದ ಕುಂಚ ತೆಗೆದುಕೊಂಡು ಬಕೆಟ್ಟಿನಲ್ಲಿಟ್ಟರು. "ಸುಣ್ಣ ದಂಡ ಆಗೋದು ಬೇಡ, ಹಿತ್ತಲ ಗೋಡೆಗೆ ಹಚ್ಚಮ್ಮ."

ಅಕ್ಕತಂಗಿಯರೇ, ನಿಮ್ಮ ಬೀದಿಯಲ್ಲೂ ಇಂಥದ್ದೇನಾದರೂ ಇದ್ದೇ ಇರುತ್ತದೆ. ಹಳೆಯ ಬಾಗಿಲೋ, ಕೈಕಸುಬೋ, ಅಜ್ಜಿಗಷ್ಟೇ ಗೊತ್ತಿರುವ ಹಾಡೋ. ಅಳಿಸುವ ಮುನ್ನ ಹಿರಿಯರನ್ನು ಕೇಳಿ, ನೆರೆಯವರ ಜೊತೆ ಕೂತು ಮಾತಾಡಿ. ನೋಡಲು ನಾಲ್ಕು ಜನ ಬಂದರೆ ನಾಲ್ಕು ಮನೆಯ ಒಲೆ ಉರಿಯುತ್ತದೆ. ಆದರೆ ಅದು ಬಾಳುವುದು ಕಲಿಯುವ ಕೈ ಮನೆಯಲ್ಲಿದ್ದರೆ ಮಾತ್ರ.

ಕಂಬ ತಬ್ಬಿ ನಿಂತಿದ್ದ ಮೊಮ್ಮಗಳು ಅಂದು ಕೊನೆಗೂ ಬಾಯಿಬಿಟ್ಟು ಕೇಳಿಯೇಬಿಟ್ಟಳು:

"ಅಜ್ಜೀ, ಮುಂದಿನ ಹಕ್ಕಿ ನಾನು ಬರೀಲಾ?"