ಹವ್ವಮ್ಮ ಹೇಳಿದ್ದು

"ಈಗ ಯಾವ ತಿಂಗಳು, ಹಕೀಮ್ ಅವರೇ?" ಎಂದು ಕೇಳಿದ ಡಾಕ್ಟರು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಹವ್ವಮ್ಮನ ಉತ್ತರ ಬಂದುಬಿಟ್ಟಿತು.

"ಎಂತ ತಿಂಗಳು ಡಾಕ್ಟ್ರೇ, ಹಬ್ಬ ಮುಗೀತು, ಇನ್ನು ಮಳೆ ಬಂದ್ರೆ ಆಯ್ತು. ನಮ್ಮಂಥವರಿಗೆ ಎಲ್ಲ ತಿಂಗಳೂ ಒಂದೇ!"

ಡಾಕ್ಟರು ನಕ್ಕರು. ಬಾಗಿಲ ಬಳಿ ನಿಂತಿದ್ದ ಮಗಳು ಫಸೀಲಾಳಿಗೂ ನಗು ಬಂತು. ಹಕೀಮ್ ಮಾತ್ರ ನಗಲಿಲ್ಲ. ಕಲ್ಲುಗುಂಡಿಯಿಂದ ಪುತ್ತೂರಿಗೆ ಬರುವ ದಾರಿಯುದ್ದಕ್ಕೂ ಅವನು ಬಸ್ಸಿನ ಕಿಟಕಿಗೆ ಮುಖ ಹಾಕಿ ಇಸವಿ, ತಿಂಗಳು, ತಾರೀಕು ಎಂದು ಒಳಗೊಳಗೇ ಬಾಯಿಪಾಠ ಮಾಡುತ್ತ ಬಂದಿದ್ದ.

"ಅವರೇ ಹೇಳ್ಲಿ ಉಮ್ಮ," ಎಂದರು ಡಾಕ್ಟರ್ ಶರ್ಮಿಳಾ ಹವ್ವಮ್ಮನಿಗೆ.

"ಮೇ," ಎಂದ ಹಕೀಮ್. ಹೇಳಿದ ಮೇಲೆ ಸರಿಯಾಯಿತೋ ಇಲ್ಲವೋ ಎಂದು ಅಭ್ಯಾಸಬಲದಿಂದ ಹೆಂಡತಿಯ ಮುಖ ನೋಡಿದ.

ಎರಡು ವರ್ಷದಿಂದ ಅವನಿಗೆ ಅದೇ ಅಭ್ಯಾಸವಾಗಿತ್ತು. ಕಳೆದ ವರ್ಷದವರೆಗೂ ಹಕೀಮ್ ಬಾಡಿಗೆ ಜೀಪು ಓಡಿಸುತ್ತಿದ್ದವನು. ಸಂಪಾಜೆ ಘಾಟಿಯ ತಿರುವುಗಳಲ್ಲಿ ರಾತ್ರಿ ಮಂಜು ಕವಿದರೂ ಅವನ ಜೀಪಿನಲ್ಲಿ ಕುಳಿತವರು ನಿದ್ದೆ ಮಾಡುತ್ತಿದ್ದರು. ಮನೆಯೊಳಗಿನ ನೆನಪಿನ ಕೆಲಸವೆಲ್ಲ ಹವ್ವಮ್ಮನದು. ಯಾರ ಮಗಳು ಯಾರ ಮನೆಗೆ ಸೊಸೆ, ಯಾವ ಮಗು ಯಾವ ಮಳೆಗಾಲದಲ್ಲಿ ಹುಟ್ಟಿದ್ದು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಉಣ್ಣದೆ ಹೋದದ್ದು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಸಂಬಂಧ ನೋಡುವವರು ಮೊದಲು ಹವ್ವಮ್ಮನನ್ನು ಕೇಳಿ ಆಮೇಲೆ ಹುಡುಗನ ಮನೆಗೆ ಹೋಗುತ್ತಿದ್ದರು. ಶಾಲೆಗೆ ಹೋದವಳಲ್ಲ. ಹತ್ತು ವರ್ಷಕ್ಕೇ ಬೀಡಿ ಕಟ್ಟಲು ಕುಳಿತವಳು. ಆದರೆ ಮಾತಿಗೆ ಕುಳಿತರೆ ಪೇಟೆಯ ವಕೀಲರೂ ಅವಳ ಮುಂದೆ ಸುಮ್ಮನಾಗಬೇಕು.

ಹಾಗಾಗಿ "ಹೇಳಿದ್ದೆನಲ್ಲ ನಾನು!" ಎಂದು ಅವಳು ಅಂದರೆ ಅಲ್ಲಿಗೆ ಮುಗಿಯಿತು. ಹೇಳಿದ್ದಾಳೆ ಎಂದೇ ಅರ್ಥ.

ಮೊದಮೊದಲು ಸಣ್ಣ ಸಂಗತಿಗಳು. ಬೂತಾಯಿ ಮೀನು ತರಲು ಹೇಳಿದ್ದೆನಲ್ಲ. ಗ್ಯಾಸಿನವನಿಗೆ ಫೋನು ಮಾಡಲು ಹೇಳಿದ್ದೆನಲ್ಲ. ಕೊಯಿಲದ ತಂಗಿಯ ಮನೆಯಲ್ಲಿ ಮೌಲೂದಿನ ಪ್ರಾರ್ಥನೆ ಇದೆ ಎಂದು ಹೇಳಿದ್ದೆನಲ್ಲ. ಹಕೀಮ್ ತಲೆ ಕೆರೆದುಕೊಳ್ಳುತ್ತಿದ್ದ. ಒಂದೂ ನೆನಪಾಗುತ್ತಿರಲಿಲ್ಲ. "ವಯಸ್ಸಾಯ್ತಲ್ಲ ಉಪ್ಪ," ಎಂದು ಫಸೀಲಾ ತಂದೆಗೆ ಸಮಾಧಾನ ಹೇಳುತ್ತಿದ್ದಳು. ಅವಳ ಗಂಡ ಕೆಲಸಕ್ಕೆಂದು ವಿದೇಶದ ದಮ್ಮಾಮಿನಲ್ಲಿದ್ದ. ಅವಳು ಸುಳ್ಯದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಕೆಲಸ ಮಾಡಿಕೊಂಡು, ಸಣ್ಣ ಮಗಳೊಂದಿಗೆ ತಾಯಿ-ತಂದೆಯ ಜೊತೆಗೇ ಇದ್ದಳು.

ಕಳೆದ ಮಳೆಗಾಲದಲ್ಲಿ ಆ ದಿನ ಬಂತು. ಶಾಲೆಯ ವ್ಯಾನು ಕೆಟ್ಟಿತ್ತು. ಸಂಜೆ ಮಗುವನ್ನು ಕರೆತರಬೇಕೆಂದು ಉಪ್ಪನಿಗೆ ಹೇಳಿ ಎಂದು ಫಸೀಲಾ ತಾಯಿಗೆ ತಿಳಿಸಿ ಕೆಲಸಕ್ಕೆ ಹೋಗಿದ್ದಳು. ಶಾಲೆಯ ಗೇಟಿನ ಹೊರಗೆ, ಸುರಿಯುವ ಮಳೆಯಲ್ಲಿ, ಐದು ವರ್ಷದ ಅಫ್ರಾ ಚೀಲ ತಲೆಯ ಮೇಲಿಟ್ಟುಕೊಂಡು ಒಬ್ಬಳೇ ನಿಂತಿದ್ದಳು. ಮೀನಿನ ಮೂಸಕುಂಞಿ ನೋಡಿ, ತನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆಗೆ ತಂದು ಬಿಟ್ಟ. ಮಗು ನಡುಗುತ್ತಿತ್ತು. ರಾತ್ರಿಗೆ ಜ್ವರ.

"ಬೆಳಿಗ್ಗೆ ಚಾ ಕೊಡುವಾಗ ಹೇಳಿದ್ದೆನಲ್ಲ ನಾನು! ನೀವು ಆಯ್ತು ಅಂತ ಹೇಳಿದ್ದಲ್ವಾ?" ಎಂದು ಹವ್ವಮ್ಮ ಎದೆಗೆ ಕೈಯಿಟ್ಟುಕೊಂಡು ಕೂಗಿದ್ದಳು.

ಹಕೀಮ್ ಆ ಬೆಳಗನ್ನು ಮತ್ತೆ ಮತ್ತೆ ತಡಕಾಡಿದ. ಚಾ ನೆನಪಿತ್ತು. ಲೋಟದ ಬಿಸಿ ನೆನಪಿತ್ತು. ಅಂಗಳದಲ್ಲಿ ನೀರು ಹರಿಯುತ್ತಿದ್ದದ್ದು ನೆನಪಿತ್ತು. ಹವ್ವಮ್ಮನ ಆ ಮಾತು ಮಾತ್ರ ಎಲ್ಲೂ ಇರಲಿಲ್ಲ. ಆ ಇಲ್ಲದಿರುವಿಕೆಯೇ ತನ್ನ ರೋಗ ಎಂದು ಅವನು ತಿಳಿದ. ಫಸೀಲಾ ಅಂದು ಮೊದಲ ಸಲ ತಂದೆಯ ಮೇಲೆ ದನಿ ಎತ್ತಿದಳು. "ಹೀಗೆ ಮರೆಯುವವರು ಗಾಡಿ ಓಡಿಸುದು ಹೇಗೆ ಉಪ್ಪ? ನಾಳೆ ಜನ ಕೂತಿರುವಾಗ ಘಾಟಿಯಲ್ಲಿ ಎಂತಾದ್ರೂ ಆದ್ರೆ?" ಅವನು ಜೀಪು ಮಾರಲು ಒಪ್ಪಿಕೊಂಡ. ತಿಂಗಳು ಕಳೆಯುವಷ್ಟರಲ್ಲಿ ಐವರ್ನಾಡಿನ ತೀರ್ಥರಾಮ ಎಂಬವರು ಬಂದು ಜೀಪು ತೆಗೆದುಕೊಂಡು ಹೋದರು. ಅಂದಿನಿಂದ ಹಕೀಮ್ ಯಾವ ಕೆಲಸಕ್ಕೂ ಮೊದಲು ಹೆಂಡತಿಯನ್ನು ಕೇಳುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾಗಿದೆ ಅನ್ನಿಸಿದರೂ ತನ್ನ ನಾಲಿಗೆಯನ್ನೇ ಅನುಮಾನಿಸಿ ಸುಮ್ಮನೆ ಉಣ್ಣುತ್ತಿದ್ದ.

ಈಗ ಡಾಕ್ಟರ ಮುಂದೆ ಹವ್ವಮ್ಮ ಇದನ್ನೆಲ್ಲ ಚಂದವಾಗಿ ವಿವರಿಸಿದ್ದಳು. ಮಳೆ, ಗೇಟು, ಮೂಸಕುಂಞಿಯ ಸ್ಕೂಟರು, ಒಂದನ್ನೂ ಬಿಡಲಿಲ್ಲ. ಆಮೇಲೆ ಡಾಕ್ಟರು ಹಕೀಮನಿಗೆ ಮೂರು ಶಬ್ದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು. ಕೊಡೆ, ಬೆಲ್ಲ, ಸೇತುವೆ. ನೂರರಿಂದ ಏಳೇಳು ಕಳೆಯಲು ಹೇಳಿದರು. ಗಡಿಯಾರ ಬಿಡಿಸಿ ಹನ್ನೊಂದೂ ಹತ್ತು ತೋರಿಸಲು ಹೇಳಿದರು. ಹಕೀಮನ ವೃತ್ತ ಡೊಂಕಾಯಿತು. ಆದರೆ ಮುಳ್ಳುಗಳು ತಮ್ಮ ತಮ್ಮ ಜಾಗದಲ್ಲಿ ನಿಂತವು.

"ಆಗ ಹೇಳಿದ ಶಬ್ದಗಳು?"

"ಕೊಡೆ. ಬೆಲ್ಲ." ಅವನು ಕಣ್ಣು ಮುಚ್ಚಿದ. "ಸಂಕ."

"ಸಂಕ ಆದ್ರೂ ಸೇತುವೆ ಆದ್ರೂ ಒಂದೇ," ಎಂದು ಡಾಕ್ಟರು ನಕ್ಕು ಕಾಗದದಲ್ಲಿ ಏನೋ ಬರೆದರು. "ನೀವು ಸುಮ್ಮನೆ ಹೆದರಿದ್ದು ಮಾರಾಯ್ರೆ. ಈ ವಯಸ್ಸಿಗೆ ಒಬ್ಬ ಮನುಷ್ಯನಿಗೆ ಎಷ್ಟು ನೆನಪಿರಬೇಕೋ ಅಷ್ಟು ಉಂಟು ನಿಮಗೆ."

ಹಕೀಮನಿಗೆ ಕೇಳಿದ್ದು ನಿಜವೇ ಎಂದು ತಿಳಿಯಲಿಲ್ಲ. ಎದೆಯೊಳಗೆ ಎರಡು ವರ್ಷದಿಂದ ಕುಳಿತಿದ್ದ ಕಲ್ಲು ಒಮ್ಮೆಲೇ ಎದ್ದು ಹೋದಂತಾಯಿತು. ಹವ್ವಮ್ಮನ ಕಡೆ ತಿರುಗಿದ. ಅವಳು ಆಗಲೇ ಮೇಜಿನ ಕಡೆ ಬಾಗಿದ್ದಳು.

"ಡಾಕ್ಟ್ರೇ, ನಿಮಗೆ ಒಂದು ವಿಷಯ ಹೇಳ್ಲಿಕ್ಕುಂಟು," ಎಂದಳು ದನಿ ತಗ್ಗಿಸಿ. "ಇವರ ಮರೆವು ಎಷ್ಟು ಅಂದ್ರೆ, ಒಂದು ದಿನ ಮಗುವನ್ನು ಶಾಲೆಯಿಂದ ತರ್ಲಿಕ್ಕೇ ಮರೆತರು. ಎಂಥ ಮಳೆ! ಪಾಪ, ನಮ್ಮ ಫಸೀಲಾ ಗೇಟಿನ ಹತ್ತಿರ ಅಳ್ತಾ ನಿಂತಿದ್ದಾಳೆ, ಎರಡು ಜಡೆಯಿಂದಲೂ ನೀರು ಇಳೀತಾ ಉಂಟು..."

ಬಾಗಿಲ ಬಳಿಯಿಂದ ಫಸೀಲಾ ಅಂದಳು, "ಉಮ್ಮ, ಅಫ್ರಾ ಅದು. ಈಗಷ್ಟೇ ಹೇಳಿದ್ರಲ್ಲ ನೀವು."

"ಅದೇ, ಅಫ್ರಾ. ನಾನೆಂತ ಹೇಳಿದೆ? ಅಫ್ರಾ ಅಂತಲೇ ಹೇಳಿದ್ದು," ಎಂದು ಹವ್ವಮ್ಮ ಸೆರಗು ಸರಿಪಡಿಸಿಕೊಂಡು ನಕ್ಕಳು.

ಡಾಕ್ಟರ ಪೆನ್ನು ನಿಂತಿತು. ಅವರು ಹವ್ವಮ್ಮನ ಕಡೆ ತಿರುಗಿದರು. ಆಮೇಲೆ ತೀರಾ ಸಹಜವಾಗಿ, ಚಾ ಕುಡಿಯಲು ಕರೆಯುವವರಂತೆ, "ಇಷ್ಟು ದೂರ ಬಂದಿದ್ದೀರಿ, ನಿಮ್ಮದೂ ಒಮ್ಮೆ ನೋಡುವ ಉಮ್ಮ," ಎಂದರು.

"ನಂದಾ? ನನಗೆಂತ ಆಗಿದೆ? ನೋಡಿ ನೋಡಿ, ನಿಮ್ಮ ಮದ್ದು ಖರ್ಚಾಗುದಿಲ್ಲ!"

ಪ್ರಾಣಿಗಳ ಹೆಸರು ಹೇಳಲು ಕೇಳಿದಾಗ ಹವ್ವಮ್ಮ ಆಡು, ದನ, ಬೆಕ್ಕು ಎಂದು ಶುರುಮಾಡಿ, ತನ್ನ ತವರಿನ ಒಂದು ತುಂಟ ಆಡಿನ ಕಥೆಗೆ ಹೊರಳಿದಳು. ನರ್ಸು ಕೂಡ ನಕ್ಕಳು. ಡಾಕ್ಟರು ಮೂರು ಶಬ್ದ ಹೇಳಿದರು. ಚಾಪೆ, ಮಾವು, ಕನ್ನಡಿ. ಹವ್ವಮ್ಮ ಅವನ್ನು ಹಾಡಿನ ಹಾಗೆ ತಿರುಗಿ ಹೇಳಿದಳು. ಆಮೇಲೆ ಡಾಕ್ಟರು ಗಡಿಯಾರ ಬಿಡಿಸಲು ಕಾಗದ ಕೊಟ್ಟರು. "ನನಗೆ ಬರಹ ಬರುದಿಲ್ಲ," ಎಂದಳು. "ಬರಹ ಬೇಡ, ಗಂಟೆ ನೋಡುವವರಲ್ವಾ ನೀವು?" ಎಂದರು ಡಾಕ್ಟರು. ಹೌದು, ಜೀವಮಾನವಿಡೀ ಮಸೀದಿಯ ಬಾಂಗಿನ ಹೊತ್ತು, ಬೀಡಿ ಒಪ್ಪಿಸುವ ಬ್ರಾಂಚಿನ ಹೊತ್ತು, ಬಸ್ಸಿನ ಹೊತ್ತು ಎಂದು ಗೋಡೆಯ ಗಡಿಯಾರ ನೋಡಿಯೇ ಬದುಕಿದವಳು. ಅವಳು ಮೆಲ್ಲಗೆ ಗೆರೆ ಎಳೆಯತೊಡಗಿದಳು.

"ಈಗ ಆ ಮೂರು ಶಬ್ದ ಹೇಳಿ ಉಮ್ಮ."

"ಯಾವ ಶಬ್ದ?"

"ನಾನು ಹೇಳಿದ್ದೆನಲ್ಲ."

"ನೀವು ಎಂತದ್ದೂ ಹೇಳ್ಲಿಲ್ಲ," ಎಂದಳು ಹವ್ವಮ್ಮ. ಅವಳ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ಇವರತ್ರ ಕೇಳಿ ಬೇಕಾದ್ರೆ."

ಹಕೀಮ್ ಮೇಜಿನ ಮೇಲಿನ ಕಾಗದ ನೋಡಿದ. ವೃತ್ತದ ಬಲಬದಿಯಲ್ಲಿ ಗೀಟುಗಳೆಲ್ಲ ಒಂದರ ಮೇಲೊಂದು ಹತ್ತಿಕೊಂಡು ಕುಳಿತಿದ್ದವು. ಎಡಬದಿ ಖಾಲಿ. ಮುಳ್ಳುಗಳು ಎರಡೂ ವೃತ್ತದಿಂದ ಹೊರಗೆ ಹೋಗಿದ್ದವು. ಅವನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

ರಕ್ತ ತೆಗೆಯಲೆಂದು ನರ್ಸು ಹವ್ವಮ್ಮನನ್ನು ಕರೆದುಕೊಂಡು ಹೋದ ಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟರು.

"ಸ್ಕ್ಯಾನು, ರಕ್ತದ ರಿಪೋರ್ಟು ಬಂದ ಮೇಲೆ ಸರಿಯಾಗಿ ಹೇಳ್ತೇನೆ," ಎಂದರು ಡಾಕ್ಟರು. "ಥೈರಾಯ್ಡ್, ವಿಟಮಿನ್ ಹೀಗೆ ಬೇರೆ ಕಾರಣ ಕೂಡ ಇರ್ಬಹುದು. ಆದ್ರೆ ನಿಮಗೆ ಸುಳ್ಳು ಧೈರ್ಯ ಕೊಡುದಿಲ್ಲ. ಇದು ನಿನ್ನೆ ಮೊನ್ನೆ ಶುರುವಾದ ಹಾಗೆ ಕಾಣುದಿಲ್ಲ."

"ಆದ್ರೆ ಮರೆಯುವವರು ಉಪ್ಪ!" ಎಂದಳು ಫಸೀಲಾ. ಯಾರೋ ತಪ್ಪು ಹೆಸರು ಕರೆದದ್ದನ್ನು ತಿದ್ದುವವಳ ಹಾಗೆ ಹೇಳಿದಳು. "ಉಮ್ಮನಿಗೆ ಎಲ್ಲ ನೆನಪುಂಟು. ಊರಿನವರ ಚರಿತ್ರೆ ಪೂರ್ತಿ ಹೇಳ್ತಾರೆ."

"ಹಳೇದು ಹೇಳ್ತಾರೆ. ಮಾತು ಚಂದ ಇರುವವರದ್ದು ಬೇಗ ಗೊತ್ತಾಗುದಿಲ್ಲ. ಹೆಂಗಸರಲ್ಲಿ ಹಾಗೆ ಹೆಚ್ಚು. ಶಬ್ದಗಳು ಕೈ ಬಿಡುದಿಲ್ಲ, ಒಳಗಿನ ತೂತನ್ನು ಮಾತು ಮುಚ್ಚಿ ಹಾಕ್ತದೆ." ಡಾಕ್ಟರು ಗಡಿಯಾರದ ಕಾಗದ ಮಡಚಿಟ್ಟರು. "ಈ ಮರೆವಿನ ಕಾಯಿಲೆಯೇ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹೆಂಗಸರು ಹೆಚ್ಚು ವರ್ಷ ಬದುಕುದು ಒಂದು ಕಾರಣ. ಮುಟ್ಟು ನಿಂತ ಮೇಲೆ ಆಗುವ ಬದಲಾವಣೆ, ಶಾಲೆ ಸಿಗದೇ ಇದ್ದದ್ದು, ಇವೂ ಇರ್ಬಹುದು ಅಂತಾರೆ. ಎಲ್ಲ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ನನ್ನ ಹತ್ರ ಬರುವವರಲ್ಲಿ ಮಾತ್ರ ಗಂಡಸರೇ ಜಾಸ್ತಿ. ಹೆಂಡತಿ ಕರ್ಕೊಂಡು ಬರ್ತಾಳೆ. ಹೆಂಡತಿಯನ್ನು ಕರ್ಕೊಂಡು ಬರುವವರು ಕಮ್ಮಿ."

ಫಸೀಲಾ ಗೋಡೆಗೆ ಒರಗಿದಳು. "ಹಾಗಾದ್ರೆ ಆ ದಿನ ಉಮ್ಮ ಹೇಳಿರ್ಲೇ ಇಲ್ಲ," ಎಂದಳು. ಆಮೇಲೆ ತಂದೆಯ ಮುಖ ನೋಡಲಾಗದೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ನಾನು ನಿಮ್ಮ ಜೀಪು ಮಾರಿಸಿದೆ ಉಪ್ಪ."

ಜೀಪು ಹಕೀಮನ ತಲೆಯಲ್ಲಿರಲಿಲ್ಲ. ಈ ಎರಡು ವರ್ಷಗಳು ಅವನ ಕಣ್ಣ ಮುಂದೆ ಮಗುಚಿ ಬಿದ್ದಿದ್ದವು. ಬೂತಾಯಿ ತರಲು ಯಾರೂ ಹೇಳಿರಲಿಲ್ಲ. ಮೌಲೂದಿನ ವಿಷಯ ಯಾರೂ ಹೇಳಿರಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಬಿದ್ದದ್ದು ನಿಜವೇ ಆಗಿತ್ತು. ತಾನು ನೋಡಿದ್ದು, ಕೇಳಿದ್ದು, ರುಚಿ ನೋಡಿದ್ದು ಎಲ್ಲ ಸರಿಯಿತ್ತು. ಅವನೇ ಅದನ್ನು ನಂಬಿರಲಿಲ್ಲ. ಕಣ್ಣೆದುರೇ ಅವಳು ಸ್ವಲ್ಪ ಸ್ವಲ್ಪವಾಗಿ ಕರಗುತ್ತಿರುವಾಗ ಅವನು ತನ್ನ ತಲೆಯೊಳಗೆ ಇಲ್ಲದ ರೋಗವನ್ನು ಹುಡುಕುತ್ತ ಕುಳಿತಿದ್ದ. ಈಗಷ್ಟೇ, ನಿನಗೇನೂ ಇಲ್ಲ ಎಂದು ಡಾಕ್ಟರು ಅಂದಾಗ, ಎಂಥ ಖುಷಿಯಾಗಿತ್ತು! ಆ ಖುಷಿ ನೆನಪಾಗಿ ಅವನ ಮೈ ನಾಚಿಕೆಯಿಂದ ಬಿಸಿಯಾಯಿತು.

"ಡಾಕ್ಟ್ರೇ," ಎಂದಳು ಫಸೀಲಾ ಬಹಳ ಸಣ್ಣ ದನಿಯಲ್ಲಿ, "ಇದು ಮಗಳಿಗೆ ಬರ್ತದಾ?"

"ತಾಯಿಗೆ ಬಂತು ಅಂತ ಮಗಳಿಗೆ ಬಂದೇ ಬರ್ತದೆ ಅಂತ ಇಲ್ಲ. ಬಿಪಿ, ಸಕ್ಕರೆ ನೋಡ್ಕೊಳ್ಳಿ. ಇವತ್ತು ಅದನ್ನು ಯೋಚನೆ ಮಾಡ್ಬೇಡಿ."

ಫಸೀಲಾ ತಲೆಯಾಡಿಸಿದಳು. ಆದರೆ ಅವಳ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ಅವಳು ಚಾಪೆ, ಮಾವು, ಕನ್ನಡಿ ಎಂದು ನೆನಪು ಮಾಡಿ ನೋಡುತ್ತಿದ್ದಳು.

ಹಿಂದಿರುಗುವಾಗ ಫಸೀಲಾ ಕ್ಲಿನಿಕ್ಕಿನ ಕೆಲಸಕ್ಕೆಂದು ಸುಳ್ಯದಲ್ಲಿ ಬಸ್ಸಿನಿಂದ ಇಳಿದುಕೊಂಡಳು. ಹೋಗುವ ಮೊದಲು ತಾಯಿಯ ಕೆನ್ನೆ ಮುಟ್ಟಿದಳು. "ಇವಳಿಗೆಂತ ಆಗಿದೆ ಇವತ್ತು?" ಎಂದು ಹವ್ವಮ್ಮ ನಕ್ಕಳು. ಹೆಂಗಸರ ಸೀಟಿನಲ್ಲಿ ಅವಳ ಪಕ್ಕಕ್ಕೆ ಸಂಪಾಜೆಗೆ ಹೋಗುವ ಪೂವಮ್ಮ ಎಂಬವರು ಬಂದು ಕುಳಿತರು. ಅರಂತೋಡು ದಾಟುವ ಮೊದಲೇ ಇಬ್ಬರೂ ಹಳೆಯ ಗೆಳತಿಯರ ಹಾಗೆ ಆಗಿದ್ದರು. ಹಿಂದಿನ ಸೀಟಿನಲ್ಲಿದ್ದ ಹಕೀಮನಿಗೆ ಹೆಂಡತಿಯ ಪ್ರತಿಯೊಂದು ಮಾತೂ ಕೇಳುತ್ತಿತ್ತು.

"ಆಸ್ಪತ್ರೆಗೆ ಹೋಗಿದ್ದು. ಇವರಿಗೆ ಮರೆವು," ಎಂದಳು ಹವ್ವಮ್ಮ, ಹೆಗಲ ಮೇಲಿಂದ ಹೆಬ್ಬೆರಳು ತೋರಿಸಿ. "ನಾನು ಇರುದರಿಂದ ಆಯ್ತು. ಒಬ್ಬರಿಗಾದ್ರೂ ನೆನಪು ಬೇಕಲ್ಲ ಮನೆಯಲ್ಲಿ."

ಪೂವಮ್ಮ ತಿರುಗಿ ಹಕೀಮನನ್ನು ಕನಿಕರದಿಂದ ನೋಡಿದರು. "ಹೌದಾ? ಡಾಕ್ಟ್ರು ಎಂತ ಹೇಳಿದ್ರು?"

ಹವ್ವಮ್ಮನೂ ತಿರುಗಿದಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು. ಉತ್ತರಕ್ಕಾಗಿ ಅವಳೂ ಕಾಯುತ್ತಿದ್ದಳು.

"ಹೌದು," ಎಂದ ಹಕೀಮ್. "ಸ್ವಲ್ಪ ಮರೆವುಂಟು ಅಂತ ಹೇಳಿದ್ರು. ಇವಳು ನನ್ನ ಜೊತೆಯಲ್ಲೇ ಇರ್ಬೇಕಂತೆ."

"ನಾನು ಹೇಳ್ಲಿಲ್ವಾ!" ಎಂದಳು ಹವ್ವಮ್ಮ ಪೂವಮ್ಮನಿಗೆ.

ಕಲ್ಲುಗುಂಡಿ ಬಂತು. ಇಬ್ಬರೂ ಇಳಿದರು. ಬಸ್ಸು ಹೊಗೆ ಬಿಟ್ಟು ಮುಂದೆ ಹೋಯಿತು. ಬಿಸಿಲಿಗೆ ಡಾಂಬರು ಹೊಳೆಯುತ್ತಿತ್ತು. ಹಕೀಮ್ ಮನೆಯ ಕಡೆಗೆ, ಬಂದ ದಾರಿಗೆ ಮುಖ ಮಾಡಿದ. ಹವ್ವಮ್ಮ ಆ ಬದಿಯನ್ನು ನೋಡಲೇ ಇಲ್ಲ. ಸೆರಗನ್ನು ತಲೆಯ ಮೇಲೆಳೆದುಕೊಂಡು, ಮನೆಗೆ ಬೆನ್ನು ಹಾಕಿ ಮಡಿಕೇರಿಯ ಕಡೆಗೆ ಬಿರಬಿರನೆ ನಡೆಯತೊಡಗಿದಳು.

"ಬೇಗ ಬನ್ನಿ, ಅಡುಗೆಗೆ ಹೊತ್ತಾಯ್ತು," ಎಂದು ತಿರುಗದೆಯೇ ಕರೆದಳು.

ಹಕೀಮ್ ರಸ್ತೆಯ ಅಂಚಿನಲ್ಲಿ ಓಡುತ್ತ ಹೋಗಿ ಅವಳನ್ನು ಕೂಡಿಕೊಂಡ. ಅವಳು ಪೂವಮ್ಮನ ತವರಿನ ವಿಷಯ ಹೇಳತೊಡಗಿದಳು. ವಾಹನಗಳ ಕಡೆಗೆ ತಾನು ಬರುವಂತೆ ಬದಿ ಬದಲಿಸಿ, ಹೂಂಗುಟ್ಟುತ್ತ, ಅವನು ಅವಳ ಜೊತೆ ಅದೇ ದಾರಿಯಲ್ಲಿ ಸ್ವಲ್ಪ ದೂರ ನಡೆದ.