ಅಕ್ಕನ ಸೂಜಿ

"ಬೆರಳು ಕೊಡೋ, ನಾನೇನು ಕಚ್ಚಿ ತಿನ್ನಲ್ಲ," ಎಂದು ಅಕ್ಕ ಕೈ ಚಾಚಿದಳು.

ದರ್ಜಿಯಾಗಿದ್ದ ತಮ್ಮ, ಕೈಯನ್ನು ಹೊಲಿಗೆ ಮಿಷನ್ನಿನ ಹಿಂದಕ್ಕೆ ಎಳೆದುಕೊಂಡ. ಅಕ್ಕ ಹಳೇ ಸಕ್ಕರೆ ಕಾಯಿಲೆಯವಳು. ಎಲ್ಲಿಗೆ ಹೋದರೂ ಸಕ್ಕರೆ ನೋಡುವ ಮೀಟರು ಅವಳ ಚೀಲದಲ್ಲಿ ಇದ್ದೇ ಇರುತ್ತಿತ್ತು. ತಮ್ಮನಿಗೂ ಅದೇ ಕಾಯಿಲೆ ಎಂದು ತಿಳಿದಾಗ ಪಾಪ, ಅವಳಿಗೆ ಒಳಗೊಳಗೇ ಜೊತೆ ಸಿಕ್ಕಂತಾಗಿತ್ತು.

ನಿಜವಾಗಿ ಅವನ ಕಾಯಿಲೆ ಅದಲ್ಲ, ಎಚ್‌ಐವಿ. ಮಾತ್ರೆಯಿಂದ ಅದೇನೋ ಹತೋಟಿಯಲ್ಲಿತ್ತು. ಆದರೆ ಪಾದಗಳು ಮರಗಟ್ಟಿ, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದಂತಾದಾಗ ಡಾಕ್ಟರಮ್ಮ, "ರಕ್ತದಲ್ಲಿ ಕೊಬ್ಬು ಬಹಳ ಏರಿದೆ. ನಿಮ್ಮಂಥೋರಿಗೆ ನರ ಸೊರಗೋದಕ್ಕೆ ಅದೂ ಒಂದು ಕಾರಣ ಇರಬಹುದು," ಎಂದಿದ್ದರು. ಕೊಬ್ಬು! "ನಿಂಗೆ ಕೊಬ್ಬು ಜಾಸ್ತಿ" ಎಂದು ಅಕ್ಕ ಚಿಕ್ಕಂದಿನಿಂದ ಬೈಯುತ್ತಿದ್ದದ್ದು ನೆನಪಾಗಿ ಅವನಿಗೆ ಅಲ್ಲೇ ನಗು ಬಂದಿತ್ತು. ಮನೆಗೆ ಬಂದು ಹೇಳಿ ನಗೋಣವೆಂದರೆ ಯಾರಿದ್ದರು? ಹೆಂಡತಿ ವಿಷಯ ತಿಳಿದು ತವರಿಗೆ ಹೋದವಳು ತಿರುಗಿಯೂ ನೋಡಿರಲಿಲ್ಲ. ಉಳಿದವಳು ಅಕ್ಕ ಒಬ್ಬಳೇ. ಅವಳನ್ನೂ ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಕಾಲಿಗೇನಾಯಿತೋ ಎಂದು ಅವಳು ಕೇಳಿದಾಗ ಸಕ್ಕರೆ ಎಂದುಬಿಟ್ಟಿದ್ದ. ಆ ಹೆಸರು ಕೇಳಿ ಯಾರೂ ಮುಖ ತಿರುಗಿಸುವುದಿಲ್ಲವಲ್ಲ.

ಅಕ್ಕ ಬಿಡುವವಳೇ? ಬೆರಳು ಹಿಡಿದೆಳೆದು ಚುಚ್ಚಿಯೇಬಿಟ್ಟಳು. ಮೀಟರು ನೋಡಿ ಹುಬ್ಬೇರಿಸಿದಳು.

"ಅಯ್ಯೋ ನಿನ್ನ! ಸಕ್ಕರೆನೂ ಇಲ್ಲ, ಗಿಕ್ಕರೆನೂ ಇಲ್ಲ! ಇದೇ ಕೆಟ್ಟಿದೆಯೋ ಏನೋ. ತಡಿ, ನಂದೂ ನೋಡ್ಬಿಡ್ತೀನಿ."

ಅದೇ ಸೂಜಿಯನ್ನು ತನ್ನ ಬೆರಳಿಗೆ ತಂದಳು.

"ಬೇಡ ಕಣಕ್ಕಾ!" ಅವನು ಕಿತ್ತುಕೊಂಡ.

"ಥೂ, ಏನೋ ನಿಂದು? ಒಡಹುಟ್ಟಿದೋರ ರಕ್ತ ಒಂದೇ ತಾನೆ?"

ಸೂಜಿ ಮೊಂಡಾಗಿದೆ ಎಂದರೂ ಸಾಕಿತ್ತು, ಅವಳು ನಂಬುತ್ತಿದ್ದಳು. ಆದರೆ ಮತ್ತೊಂದು ದಿನ ಮತ್ತೊಂದು ಸೂಜಿ ತರುತ್ತಾಳೆ. ಸುಳ್ಳು ಹೇಳಿ ಹೇಳಿ ಅವನಿಗೂ ಸಾಕಾಗಿತ್ತು.

"ಒಂದೇ ಅಲ್ಲ ಅಕ್ಕ. ನಂಗೆ ಎಚ್‌ಐವಿ ಇದೆ. ಅದಕ್ಕೇ ಅವಳು ಬಿಟ್ಟು ಹೋಗಿದ್ದು."

ಅಕ್ಕ ಮೀಟರನ್ನು ಚೀಲಕ್ಕೆ ತುರುಕಿ ಎದ್ದಳು. ಮುಗಿಯಿತು, ಹೊರಟಳು ಎಂದುಕೊಂಡು ಅವನು ತಲೆ ತಗ್ಗಿಸಿದ. ಅವಳು ಮಿಷನ್ನು ಸುತ್ತಿಕೊಂಡು ಈಚೆ ಬಂದು, ಬಟ್ಟೆಯ ಚೂರುಗಳನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತಳು.

"ಯಾವ ಕಾಲೋ?"

"ಎರಡೂ."

ಅಕ್ಕ ಒಂದು ಪಾದವನ್ನು ಮಡಿಲಿಗೆಳೆದುಕೊಂಡು ಒತ್ತತೊಡಗಿದಳು. ಮರಗಟ್ಟಿದ ಪಾದಕ್ಕೆ ಏನೂ ತಿಳಿಯಲಿಲ್ಲ. ಒತ್ತುತ್ತಿದ್ದಾಳೆಂದು ಗೊತ್ತಾಗಲು, ರೆಪ್ಪೆ ಮುಚ್ಚದೆ ಅವಳ ಕೈಯನ್ನೇ ನೋಡುತ್ತ ಕೂತ.